ತಾಯಿಯ ಒತ್ತಡ, ಮಗುವಿನ ರಚ್ಚೆ: ಯಾವುದು ಮೊದಲು?

ಆಟಿಸಂ ಇರುವ ಪುಟ್ಟ ಮಕ್ಕಳ ಹೆತ್ತವರಿಗೆ ಒತ್ತಡ ಹೆಚ್ಚು ಎಂದು ಮನೋವಿಜ್ಞಾನದ ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಗಳೆಲ್ಲರೂ ಬರೆಯುತ್ತಾರೆ. ಆ ಒತ್ತಡ ಯಾವುದಕ್ಕೆ ಏರುತ್ತದೆ ಎಂಬಲ್ಲಿ ಹಲವರು ಎಡವುತ್ತಾರೆ. ಅನೇಕ ಅಧ್ಯಯನಗಳಲ್ಲಿ ಒತ್ತಡದ ನಂಟು ಆಟಿಸಂನ ತೀವ್ರತೆಗಿಂತ ನಡವಳಿಕೆಯ ತೊಂದರೆಗಳ ಜೊತೆಗೇ ಗಟ್ಟಿ: ರಚ್ಚೆ, ಹೊಡೆಯುವುದು, ಕಚ್ಚುವುದು. ಮಾತು ತಡವಾದ ಮಗುವಿನ ತಾಯಿ ನೆಮ್ಮದಿಯಾಗಿರಬಹುದು; ಚೆನ್ನಾಗಿ ಮಾತನಾಡುವ ಮಗುವಿನ ತಾಯಿ ಹೈರಾಣಾಗಿರಬಹುದು.

ಮುಂಬಯಿಯ ದಾದರ್ ರೈಲು ನಿಲ್ದಾಣದ ಸೇತುವೆಯನ್ನು ಕಲ್ಪಿಸಿಕೊಳ್ಳಿ. ಸಂಜೆಯ ನೂಕುನುಗ್ಗಲು, ಧ್ವನಿವರ್ಧಕದಲ್ಲಿ ಘೋಷಣೆ. ನಾಲ್ಕು ವರ್ಷದ ಹುಡುಗ ಕಿವಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಬಿದ್ದು ಹೊರಳುತ್ತಾನೆ. ಯಾರೋ "ಹಠಮಾರಿ" ಎನ್ನುತ್ತಾರೆ. ತಾಯಿ ಮೊಬೈಲ್ ಕೊಡುತ್ತಾಳೆ, ಅಳು ನಿಲ್ಲುತ್ತದೆ. ಇಲ್ಲಿ ಪುನರ್ಬಲನ (ಫಲ ಸಿಕ್ಕ ನಡವಳಿಕೆ ಮತ್ತೆ ಮತ್ತೆ ಬರುವಂತಾಗುವುದು) ಇಬ್ಬರಿಗೂ ಆಗಿದೆ: ಬಿದ್ದರೆ ಮೊಬೈಲ್ ಸಿಗುತ್ತದೆಂದು ಮಗು ಕಲಿತರೆ, ಕೊಟ್ಟರೆ ಅಳು ನಿಲ್ಲುತ್ತದೆಂದು ತಾಯಿ ಕಲಿಯುತ್ತಾಳೆ. ಆದರೆ ಅವನನ್ನು ಬೀಳಿಸಿದ್ದು ಆ ಸದ್ದೇ ಆಗಿದ್ದರೆ, ಬೇಕಾದದ್ದು ಸದ್ದಿನಿಂದ ಬಿಡುಗಡೆ. ಹಿಂದೆ ಏನಾಯಿತು, ಮಗು ಏನು ಮಾಡಿತು, ಬಳಿಕ ಏನು ಸಿಕ್ಕಿತು ಎಂದು ಹಲವು ಸಲ ಬರೆದಿಟ್ಟ ಮೇಲೆಯೇ ಕಾರಣ ಹೇಳಬೇಕು.

2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕ ಲೆಕಾವಲಿಯರ್ ಮತ್ತು ಸಂಗಡಿಗರು ಒಂದು ವರ್ಷದ ಅಂತರದಲ್ಲಿ ನೋಡಿದಾಗ ಒತ್ತಡ ಮತ್ತು ನಡವಳಿಕೆ ಒಂದನ್ನೊಂದು ಹೆಚ್ಚಿಸುತ್ತಿದ್ದವು. ಅವರ ಗುಂಪಿನಲ್ಲಿ ಹದಿಹರೆಯದವರೂ ಇದ್ದರು. ಪುಟ್ಟ ಮಕ್ಕಳಿಗೆ ಅದನ್ನು ಹಾಗೆಯೇ ಅನ್ವಯಿಸಬೇಡಿ.

ಒತ್ತಡವನ್ನು ಅಳೆಯಲು ರಿಚರ್ಡ್ ಅಬಿಡಿನ್ ರೂಪಿಸಿದ ಪೇರೆಂಟಿಂಗ್ ಸ್ಟ್ರೆಸ್ ಇಂಡೆಕ್ಸ್ ಎಂಬ ಪ್ರಶ್ನಾವಳಿ ಬಹಳ ಬಳಕೆಯಲ್ಲಿದೆ. ಅದರ ಕಿರುರೂಪದಲ್ಲಿ 36 ಹೇಳಿಕೆಗಳು, ಮೂರು ಭಾಗಗಳು. ಮೂರನೆಯ ಭಾಗ ಮಗುವಿನ ಕಷ್ಟಸ್ವಭಾವವನ್ನೇ ಕೇಳುತ್ತದೆ! ಒಟ್ಟು ಅಂಕವನ್ನು ನಡವಳಿಕೆಯೊಂದಿಗೆ ಹೋಲಿಸಿದರೆ ನಂಟು ತಾನಾಗಿಯೇ ಉಬ್ಬುತ್ತದೆ. ಒತ್ತಡದ ಮತ್ತು ನಡವಳಿಕೆಯ ಎರಡೂ ಪ್ರಶ್ನಾವಳಿಗಳನ್ನು ತುಂಬುವವಳು ಅದೇ ದಣಿದ ತಾಯಿಯಾದರೆ ಇನ್ನಷ್ಟು.

ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಭಾರವಿದೆ. ಒಳಗೆ ಕನ್ನಡ, ಕಟ್ಟಡದ ಅಂಗಳದಲ್ಲಿ ಮರಾಠಿ-ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. "ಮನೆಭಾಷೆ ಬಿಡಿ" ಎಂದು ಸಲಹೆ ಕೊಡುವವರಿದ್ದಾರೆ. ಎರಡು ಭಾಷೆ ಕೇಳಿ ಬೆಳೆಯುವ ಆಟಿಸಂ ಮಕ್ಕಳ ಮಾತು ಅದರಿಂದಲೇ ಹಿಂದೆ ಬೀಳುತ್ತದೆ ಎಂಬುದಕ್ಕೆ ಸಂಶೋಧನೆಯಲ್ಲಿ ಆಧಾರ ಸಿಕ್ಕಿಲ್ಲ. ಕನ್ನಡ ಬಿಟ್ಟರೆ ಅಜ್ಜಿ ಮೊಮ್ಮಗನೊಂದಿಗೆ ಮಾತನಾಡಲಾರಳು. ತಾಯಿಗೆ ಸಂಜೆ ಅರ್ಧ ಗಂಟೆಯ ಬಿಡುವು ಕೊಡುತ್ತಿದ್ದವಳು ಅವಳೊಬ್ಬಳೇ ಇರಬಹುದು.