‘ಎವ್ರಿವುಮನ್’ (1919): ಗುಣಗಳೇ ಪಾತ್ರಗಳಾದ ಒಂದು ಮೂಕಿಚಿತ್ರ

ಜಾರ್ಜ್ ಮೆಲ್ಫೋರ್ಡ್ ನಿರ್ದೇಶಿಸಿ, ಪ್ಯಾರಾಮೌಂಟ್ ಮೂಲಕ 1919ರಲ್ಲಿ ಬಿಡುಗಡೆಯಾದ ಅಮೆರಿಕದ ಮೂಕಿಚಿತ್ರ ‘ಎವ್ರಿವುಮನ್’ ಇಂದು ಕಳೆದುಹೋದ ಚಿತ್ರಗಳ ಸಾಲಿಗೆ ಸೇರಿದೆ. ಆದ್ದರಿಂದ ಅದರ ಅಧ್ಯಯನವನ್ನು ಮೂಲ ನಾಟಕದಿಂದಲೇ ಆರಂಭಿಸಬೇಕಾಗುತ್ತದೆ. ವಾಲ್ಟರ್ ಬ್ರೌನ್ ಬರೆದ ಆ ನಾಟಕ 1911ರಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ಸ್ಕ್ವೇರ್ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು.

ಹದಿನೈದನೆಯ ಶತಮಾನದ ಇಂಗ್ಲಿಷ್ ನೀತಿನಾಟಕ ‘ಎವ್ರಿಮನ್’ನಲ್ಲಿ, ಸಾವಿನ ಕರೆ ಬಂದ ಮನುಷ್ಯನನ್ನು ಬಂಧುಗಳೂ ಸಂಪತ್ತೂ ಕೈಬಿಡುತ್ತಾರೆ. ಬ್ರೌನ್ ಆ ಚೌಕಟ್ಟನ್ನು ಉಳಿಸಿಕೊಂಡು, ಸಾವಿನ ಪಯಣದ ಜಾಗದಲ್ಲಿ ಪ್ರೇಮದ ಹುಡುಕಾಟವನ್ನು ಇರಿಸಿದರು. ಕನ್ನಡಿಯಲ್ಲಿ ಕಾಣಿಸಿಕೊಳ್ಳುವ ಮುಖಸ್ತುತಿಯ ಮಾತಿಗೆ ಮರುಳಾದ ನಾಯಕಿಯು ಯೌವನ, ಸೌಂದರ್ಯ, ವಿನಯ ಎಂಬ ಗೆಳತಿಯರೊಡನೆ ಪ್ರೇಮರಾಜನನ್ನು ಅರಸಿ ಹೊರಟು, ಆ ಗೆಳತಿಯರ ಸಂಗವನ್ನು ಕಳೆದುಕೊಂಡು, ಕೊನೆಗೆ ಸತ್ಯದ ನೆರವಿನಿಂದ ತನ್ನ ಮನೆಯಲ್ಲೇ ಪ್ರೇಮವನ್ನು ಕಾಣುತ್ತಾಳೆ. (ಕೃಷ್ಣಮಿಶ್ರನ ಸಂಸ್ಕೃತ ನಾಟಕ ‘ಪ್ರಬೋಧಚಂದ್ರೋದಯ’ದಲ್ಲಿ ವಿವೇಕಕ್ಕೂ ಮಹಾಮೋಹಕ್ಕೂ ನಡೆಯುವ ಯುದ್ಧವನ್ನು ಓದಿದವರಿಗೆ ಗುಣಗಳನ್ನೇ ಪಾತ್ರಗಳಾಗಿಸುವ ಈ ರೂಪಕವಿಧಾನ ಹೊಸದೇನಲ್ಲ.)

ರಂಗದ ಮೇಲೆ ಪಾತ್ರವು ತಾನು ಯಾವ ಗುಣವೆಂಬುದನ್ನು ಮಾತಿನಲ್ಲೇ ಸಾರಬಲ್ಲದು. ಮೂಕಿಚಿತ್ರಕ್ಕಾದರೋ ಬರಹದ ಫಲಕ, ವೇಷಭೂಷಣ, ಅಭಿನಯಗಳೇ ಆಸರೆ. ಇದಕ್ಕಿಂತ ಮೂಲಭೂತವಾದ ತೊಡಕೊಂದಿದೆ: ಕ್ಯಾಮೆರಾಗೆ ಗುಣ ಕಾಣುವುದಿಲ್ಲ, ವ್ಯಕ್ತಿ ಮಾತ್ರ ಕಾಣುತ್ತಾನೆ. ಫಲಕದಲ್ಲಿ ‘ಸಂಪತ್ತು’ ಎಂದು ಓದಿಕೊಂಡ ಪ್ರೇಕ್ಷಕರ ಎದುರಿಗೆ ಬರುವವರು ಥಿಯೊಡೋರ್ ರಾಬರ್ಟ್ಸ್; ‘ದುರ್ವ್ಯಸನ’ವಾಗಿ ಬರುವವರು ಬೆಬೆ ಡೇನಿಯಲ್ಸ್. ನಾಯಕಿಯಾಗಿ ವಯೊಲೆಟ್ ಹೆಮಿಂಗ್, ಪ್ರೇಮವಾಗಿ ಮಾಂಟಿ ಬ್ಲೂ ನಟಿಸಿದ್ದರು. ನಟರ ಮುಖ, ವಯಸ್ಸು, ಹಿಂದಿನ ಪಾತ್ರಗಳ ನೆನಪು ಇವೆಲ್ಲ ಆ ಗುಣಕ್ಕೆ ಅಂಟಿಕೊಳ್ಳುವುದರಿಂದ, ಇಂತಹ ಚಿತ್ರದಲ್ಲಿ ಪಾತ್ರಹಂಚಿಕೆಯೇ ಅರ್ಧ ವ್ಯಾಖ್ಯಾನವಾಗಿಬಿಡುತ್ತದೆ ಎಂದು ನನಗೆ ತೋರುತ್ತದೆ.

ಚಿತ್ರಗಳು ಹೀಗೆ ಕಳೆದುಹೋಗಲು ಕಾರಣ ಹಲವು. ಆಗ ಚಿತ್ರಗಳಿಗೆ ಬಳಸುತ್ತಿದ್ದ ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುತ್ತಿತ್ತು, ಕಾಲಕ್ರಮದಲ್ಲಿ ತಾನಾಗಿಯೇ ಹಾಳಾಗುತ್ತಿತ್ತು. ವಾಕ್ಚಿತ್ರಗಳು ಬಂದ ಮೇಲೆ ಹಳೆಯ ಪ್ರತಿಗಳಿಗೆ ಮಾರುಕಟ್ಟೆಯೂ ಇರಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಅಲ್ಲಿ ತಯಾರಾದ ಸುಮಾರು 11,000 ಪೂರ್ಣಪ್ರಮಾಣದ ಮೂಕಿಚಿತ್ರಗಳಲ್ಲಿ ಮೂಲ ರೂಪದಲ್ಲೇ ಉಳಿದಿರುವುದು ಶೇ. 14ರಷ್ಟು ಮಾತ್ರ.

ಹೀಗೆ ಕಳೆದುಹೋದ ಚಿತ್ರದ ಕುರಿತು ಬರೆಯುವಾಗ ಒಂದು ಎಚ್ಚರ ಅಗತ್ಯ. ನಾಟಕದ ಪಠ್ಯದಿಂದ ಕಥೆಯ ಹಂದರವನ್ನು ತಿಳಿಯಬಹುದು, ಪಾತ್ರವರ್ಗದ ಪಟ್ಟಿಯಿಂದ ರೂಪಾಂತರದ ದಿಕ್ಕನ್ನು ಊಹಿಸಬಹುದು. ಆದರೆ ದೃಶ್ಯಗಳ ಲಯ, ಬೆಳಕು, ಸಂಕಲನಗಳ ಕುರಿತು ನಾಟಕದ ಆಧಾರದಿಂದ ಏನನ್ನೂ ಹೇಳುವಂತಿಲ್ಲ.