ಆಮೆನ್ ಅಂದರೆ ತಥಾಸ್ತು ಅಲ್ಲ

'ಆಮೆನ್ ಅಂದರೆ ಕ್ರೈಸ್ತರ ತಥಾಸ್ತು' ಎಂಬ ಸಾಲನ್ನು ಈ ತಿಂಗಳಲ್ಲಿ ಮೂರನೇ ಸಲ ಓದಿದೆ. ಎರಡು ಸಲ ಸುಮ್ನಿದ್ದೆ. ಇನ್ನು ಆಗಲ್ಲ.

ತಥಾಸ್ತು ಅನ್ನುವವರು ಯಾರು? ವರ ಕೊಡುವವರು. ಭಸ್ಮಾಸುರ ಕೇಳಿದ, ಶಿವ ತಥಾಸ್ತು ಅಂದ. ಮುಸ್ಸಂಜೆ ಹೊತ್ತು ಕೆಟ್ಟ ಮಾತಾಡಿದರೆ ಅಜ್ಜಿಯರು ಗದರುವುದೂ ಅದಕ್ಕೇ: ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಆಮೆನ್ ಅನ್ನುವವರು ಬೇಡುವವರ ಸಾಲಿನಲ್ಲಿ ಕೂತವರು. ಒಬ್ಬರು ಪ್ರಾರ್ಥನೆ ಹೇಳುತ್ತಾರೆ, ಉಳಿದವರು ಆಮೆನ್ ಅನ್ನುತ್ತಾರೆ. ದಿಕ್ಕೇ ತಿರುಗಾಮುರುಗಾ. ಕನ್ನಡದಲ್ಲಿ ಹತ್ತಿರದ್ದು ಬೇಕೇ ಬೇಕು ಅಂದರೆ, ಕತೆ ಕೇಳುವಾಗ ಹೂಂಗುಟ್ಟುತ್ತೇವಲ್ಲ, ಅದು. ಆದರೆ ಈ 'ಹೂಂ'ಗೆ ತೂಕ ಜಾಸ್ತಿ.

ತೂಕ ಇರುವುದು ಪದದ ಬೇರಿನಲ್ಲಿ. ಆಮೆನ್ ಯೆಹೂದ್ಯರ ಭಾಷೆಯಾದ ಹೀಬ್ರೂವಿನ ಪದ. ಅದರ ಮೂರಕ್ಷರದ ಧಾತುವಿಗೆ ಗಟ್ಟಿಯಾಗಿರು, ಅಲುಗಾಡದಿರು, ನಂಬಬಹುದಾದಂತಿರು ಎಂಬ ಅರ್ಥ. ಬೈಬಲಿನ ವಿಮೋಚನಕಾಂಡದ 17ನೇ ಅಧ್ಯಾಯ ನೋಡಿ. ಕೆಳಗೆ ಅಮಾಲೇಕ್ಯರ ಜೊತೆ ಯುದ್ಧ. ಗುಡ್ಡದ ಮೇಲೆ ಇಸ್ರಾಯೇಲ್ಯರ ನಾಯಕ ಮೋಶೆ ಕೈ ಎತ್ತಿ ನಿಂತಿದ್ದಾನೆ. ಕೈ ಇಳಿದರೆ ಇಸ್ರಾಯೇಲ್ಯರು ಸೋಲುತ್ತಾರೆ. ಮುದುಕನ ಕೈ, ಸೋತು ಬಂತು. ಜೊತೆಗಿದ್ದ ಆರೋನ, ಹೂರ್ ಇಬ್ಬರೂ ಒಂದು ಕಲ್ಲು ತಂದು ಕೂರಿಸಿ, ಆಚೆ ಈಚೆ ನಿಂತು ಕೈ ಹಿಡಿದರು. ಸೂರ್ಯ ಮುಳುಗುವ ತನಕ ಅವನ ಕೈಗಳು 'ಎಮೂನಾ' ಆಗಿದ್ದವು ಎನ್ನುತ್ತದೆ ಮೂಲ. ಅಂದರೆ ಅಲುಗಲಿಲ್ಲ. ಆಮೆನ್ ಈ ಎಮೂನಾದ ಒಡಹುಟ್ಟು.

ಅರಬ್ಬಿಯಲ್ಲೂ ಇದೇ ಧಾತು ಇದೆ. ಈಮಾನ್ ಅಂದರೆ ನಂಬಿಕೆ. ಅಮಾನತ್ ಅಂದರೆ ನಂಬಿ ಒಪ್ಪಿಸಿದ ವಸ್ತು. ನಮ್ಮ ಪತ್ರಿಕೆಗಳಲ್ಲಿ ದಿನಾ ಬರುವ 'ಅಮಾನತು' ಅಲ್ಲಿಂದಲೇ ಬಂದದ್ದು. ಲಂಚ ತಿಂದು ಅಮಾನತಾದ ಅಧಿಕಾರಿಗೂ ಆಮೆನ್‌ಗೂ ಹೀಗೊಂದು ದೂರದ ನಂಟು! ಇನ್ನು ಓಂನಿಂದ ಆಮೆನ್ ಆಯಿತು, ಈಜಿಪ್ಟಿನ ಆಮುನ್ ದೇವರಿಂದ ಆಯಿತು ಎನ್ನುವ ವಾಟ್ಸಾಪ್ ಪಂಡಿತರಿಗೆ ಏನು ಹೇಳೋದು? ಸದ್ದು ಹೋಲುತ್ತದೆ, ಅಷ್ಟೇ. ಹಾಗೆ ನೋಡಿದರೆ ಆಮೆಯಿಂದಲೂ ಬಂದಿರಬಹುದು.

ತಥಾಸ್ತು ಅನ್ನುವವರಿಗೂ ಒಂದು ನೆಪ ಇದೆ, ಒಪ್ಪುತ್ತೇನೆ. ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದವರು ಆಮೆನ್ ಬಂದಲ್ಲೆಲ್ಲ ಹೆಚ್ಚಾಗಿ 'ಹಾಗೇ ಆಗಲಿ' ಎಂದು ಬರೆದರು. ಕ್ರಿ.ಶ. 155ರ ಸುಮಾರಿಗೆ ಜಸ್ಟಿನ್ ಎಂಬ ಕ್ರೈಸ್ತ ಲೇಖಕ ಕೂಡ ರೋಮಿನ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಅದೇ ಅರ್ಥ ಕೊಟ್ಟ. ಆದರೆ ಬೈಬಲಿನದೇ ಧರ್ಮೋಪದೇಶಕಾಂಡದ 27ನೇ ಅಧ್ಯಾಯದಲ್ಲಿ ಈ ಅರ್ಥ ಸಾಲುವುದಿಲ್ಲ. ಅಲ್ಲಿ ದೇವರ ಸೇವೆಯ ಕುಲದವರಾದ ಲೇವಿಯರು ಹನ್ನೆರಡು ಶಾಪ ಕೂಗುತ್ತಾರೆ. ನೆರೆಯವನ ಬಾಂದುಕಲ್ಲು ಸರಿಸಿದವನಿಗೆ ಶಾಪ. ಜನರೆಲ್ಲ ಆಮೆನ್ ಅನ್ನಬೇಕು. ಕುರುಡನಿಗೆ ದಾರಿ ತಪ್ಪಿಸಿದವನಿಗೆ ಶಾಪ. ಆಮೆನ್. ರಾತ್ರೋರಾತ್ರಿ ಕಲ್ಲು ಸರಿಸಿ ಬಂದವನೂ ಆ ಗುಂಪಿನಲ್ಲೇ ನಿಂತು ಬಾಯಿ ಬಿಡಬೇಕು, ಅಲ್ವಾ? ಇದು ಹಾರೈಕೆ ಅಲ್ಲ, ರುಜು.

ಅದಕ್ಕೇ ಯೇಸುವಿನ ಅಪೊಸ್ತಲ ಪೌಲ ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರ ಮೇಲೆ ರೇಗಿದ್ದು. ಅಲ್ಲಿ ಕೆಲವರು ಯಾರಿಗೂ ತಿಳಿಯದ ಭಾಷೆಯಲ್ಲಿ ದೇವರಿಗೆ ಕೃತಜ್ಞತೆ ಹೇಳುತ್ತಿದ್ದರು. ನೀನು ಏನು ಹೇಳುತ್ತೀಯೋ ತಿಳಿಯದವನು ನಿನ್ನ ಸ್ತೋತ್ರಕ್ಕೆ ಆಮೆನ್ ಅನ್ನುವುದು ಹೇಗೆ ಎಂದು ಅವರಿಗೆ ಬರೆದ ಮೊದಲನೇ ಪತ್ರದ 14ನೇ ಅಧ್ಯಾಯದಲ್ಲಿ ಕೇಳುತ್ತಾನೆ. ಓದದ ಕಾಗದಕ್ಕೆ ರುಜು ಹಾಕಿಸಬೇಡಿ ಅಂದ ಹಾಗೆ. ಫೋಟೋ ಹಾಕಿ 'ಆಮೆನ್ ಅಂತ ಕಾಮೆಂಟ್ ಮಾಡಿ' ಅನ್ನುವವರು ಈ ಅಧ್ಯಾಯವನ್ನು ಒಮ್ಮೆ ಓದಲಿ.

ಯೇಸು ಮಾತ್ರ ಈ ಪದವನ್ನು ತಲೆಕೆಳಗು ಮಾಡಿದ. ಬೇರೆಯವರ ಮಾತಿಗೆ ಕೊನೆಯಲ್ಲಿ ಹೇಳುವುದನ್ನು ತನ್ನ ಮಾತಿನ ಮೊದಲಿಗೇ ಇಟ್ಟ. ಯೋಹಾನನ ಸುವಾರ್ತೆಯಲ್ಲಂತೂ 'ಆಮೆನ್ ಆಮೆನ್' ಎಂದು 25 ಸಲ ಜೋಡಿಯಾಗಿ ಬರುತ್ತದೆ. ಕನ್ನಡ ಬೈಬಲಿನಲ್ಲಿ 'ನಿಜನಿಜವಾಗಿ ಹೇಳುತ್ತೇನೆ' ಎಂದು ಓದಿದ್ದೀರಲ್ಲ, ಅದೇ. ಅನುವಾದ ಚೆನ್ನಾಗಿದೆ, ಪದ ಮಾತ್ರ ಮಾಯ.

ಇನ್ನೊಂದು ತಕರಾರು ಬಾಕಿ ಇದೆ: 'ಮುಗೀತು, ಆಮೆನ್' ಅನ್ನುವ ಬಳಕೆ. ಪೌಲನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಐದನೇ ವಚನಕ್ಕೇ ಆಮೆನ್ ಬಂದುಬಿಡುತ್ತದೆ. ಆಮೇಲೆ ಪೌಲ ಆರು ಅಧ್ಯಾಯ ಬೈಯುತ್ತಾನೆ.