‘ಡಿಲನ್’ ಹೆಸರು ಯಾವ ನಾಡಿನದು?

ಪ್ರಶ್ನೆ: ಡಿಲನ್ ಅನ್ನೋದು ಐರ್ಲೆಂಡಿನ ಹೆಸರಾ? ‘ಸಮುದ್ರದ ಮಗ’ ಅಂತ ಅರ್ಥ ಹೇಳ್ತಾರಲ್ಲ, ಅದು ಸರಿಯಾ?

ಉತ್ತರ: ಐರ್ಲೆಂಡಿನದಲ್ಲ, ಬ್ರಿಟನ್ನಿನ ಭಾಗವಾದ ವೇಲ್ಸ್ ನಾಡಿನ ಅಪ್ಪಟ ಹೆಸರು. ಐರ್ಲೆಂಡಿನಲ್ಲಿ ಹೀಗೇ ಕೇಳಿಸುವ ಒಂದು ಮನೆತನದ ಹೆಸರಿದೆ. ಗೊಂದಲ ಅಲ್ಲಿಂದಲೇ ಶುರು. ಅದರ ಕಾಗುಣಿತವೂ ಬೇರೆ, ಮೂಲವೂ ಬೇರೆ.

ಸಮುದ್ರದ ಉಬ್ಬರಕ್ಕೆ ವೇಲ್ಸ್ ಜನರ ವೆಲ್ಷ್ ಭಾಷೆಯಲ್ಲಿರುವ ಪದದಿಂದ ಡಿಲನ್ ಬಂದಿದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ‘ಮಗ’ ಅನ್ನುವುದು ಹೆಸರಿನೊಳಗೆ ಇಲ್ಲ. ಅದು ಒಂದು ಹಳೆಯ ಕತೆಯಿಂದ ಬಂದು ಅಂಟಿಕೊಂಡದ್ದು.

ಆ ಕತೆ ‘ಮಬಿನೋಗಿ’ಯ ನಾಲ್ಕನೆಯ ಭಾಗದಲ್ಲಿದೆ. 14ನೇ ಶತಮಾನದ ಹಸ್ತಪ್ರತಿಗಳಲ್ಲಿ ಉಳಿದು ಬಂದಿರುವ ವೆಲ್ಷ್ ಕತೆಗಳಿವು. ಅರಿಯನ್‌ರೋಡ್ ಎಂಬವಳು ತಾನು ಕನ್ಯೆ ಎನ್ನುತ್ತಾಳೆ. ರಾಜ ಮಾಥ್ ಅವಳನ್ನು ಪರೀಕ್ಷಿಸಲು ತನ್ನ ಮಂತ್ರದಂಡವನ್ನು ದಾಟಲು ಹೇಳುತ್ತಾನೆ. ದಾಟುತ್ತಿದ್ದಂತೆ ಹೊಂಗೂದಲಿನ ಗಂಡು ಮಗು ಹುಟ್ಟಿಬಿಡುತ್ತದೆ! ಮಾಥ್ ಅದಕ್ಕೆ ಡಿಲನ್ ಎಂದು ಹೆಸರಿಡುತ್ತಾನೆ. ಹೆಸರಿಟ್ಟದ್ದೇ ತಡ, ಮಗು ನೇರ ಕಡಲಿಗೆ ಹೋಗಿ ಮೀನಿನಷ್ಟೇ ಚೆನ್ನಾಗಿ ಈಜುತ್ತದೆ. ಅವನ ಕೆಳಗೆ ಯಾವ ಅಲೆಯೂ ಒಡೆಯಲಿಲ್ಲವಂತೆ. ಅದಕ್ಕೇ ‘ಅಲೆಯ ಮಗ’ ಎಂಬ ಬಿರುದು. ಕೊನೆಗೆ ಸೋದರಮಾವ ಗೊವಾನನ್‌ನ ಏಟಿಗೆ ಸಾಯುತ್ತಾನೆ. ಯಾಕೆ ಹೊಡೆದ ಅಂತ ಕತೆ ಹೇಳುವುದೇ ಇಲ್ಲ.

ನನಗೆ ಇಲ್ಲಿ ತುಂಬಾ ಇಷ್ಟವಾಗುವುದು ಹೆಸರಿಗಿರುವ ಬೆಲೆ. ಡಿಲನ್ ಕಡಲು ಸೇರುವ ಮೊದಲೇ ಕಡಲಿನ ಹೆಸರು ಸಿಕ್ಕಿರುತ್ತದೆ. ಅದೇ ತಾಯಿ ತನ್ನ ಇನ್ನೊಬ್ಬ ಮಗನಿಗೆ, ‘ನಾನಾಗಿ ಇಡುವ ತನಕ ಇವನಿಗೆ ಹೆಸರೇ ಇರಬಾರದು’ ಎಂದು ಶಾಪ ಹಾಕುತ್ತಾಳೆ. ಮೋಸದಿಂದ ಅವಳ ಬಾಯಲ್ಲೇ ಹೆಸರು ಹೇಳಿಸಬೇಕಾಗುತ್ತದೆ.

ಇಷ್ಟು ಹಳೆಯ ಹೆಸರಾದರೂ 20ನೇ ಶತಮಾನದವರೆಗೆ ಮಕ್ಕಳಿಗೆ ಇದನ್ನು ಇಟ್ಟದ್ದು ತೀರಾ ಅಪರೂಪ. ಅದು ಕತೆಯಲ್ಲೇ ಉಳಿದಿತ್ತು. 1914ರ ಅಕ್ಟೋಬರ್ 27ರಂದು ವೇಲ್ಸ್ ನಾಡಿನ ಸ್ವಾನ್ಸೀ ಊರಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರಿಗೆ ಗಂಡು ಮಗು ಹುಟ್ಟಿತು. ಅವರು ಮಬಿನೋಗಿಯಿಂದ ಈ ಹೆಸರನ್ನು ಆರಿಸಿಕೊಂಡರು. ಮಗನಿಗೆ ವೆಲ್ಷ್ ಕಲಿಸದ ತಂದೆ, ಹೆಸರನ್ನು ಮಾತ್ರ ವೆಲ್ಷ್ ಕತೆಯಿಂದಲೇ ತಂದರು. ಆ ಮಗುವೇ ಕವಿ ಡಿಲನ್ ಥಾಮಸ್. ಅವರ ಖ್ಯಾತಿಯ ಜೊತೆಗೇ ಹೆಸರೂ ವೇಲ್ಸ್ ದಾಟಿತು. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಝಿಮ್ಮರ್‌ಮನ್ ಎಂಬ ಯುವ ಗಾಯಕ ಬಾಬ್ ಡಿಲನ್ ಆಗಿ ಹೆಸರಾದ ಮೇಲಂತೂ ಕೇಳಬೇಕಾ? ಈಗ ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೂ ಇಡುತ್ತಾರೆ.

ಇನ್ನು ಉಚ್ಚಾರಣೆ. ವೆಲ್ಷ್ ಮಾತಾಡುವವರ ಬಾಯಲ್ಲಿ ಇದು ಹೆಚ್ಚುಕಮ್ಮಿ ‘ಡಲನ್’. ಆ ‘ಡಲ್’ ಇಂಗ್ಲಿಷಿನಲ್ಲಿ ಮಂಕು ಅನ್ನುವ ಅರ್ಥ ಕೊಡುತ್ತದಲ್ಲ, ಮಕ್ಕಳು ಆಡಿಕೊಂಡಾರು ಅಂತ ಕವಿಯ ತಾಯಿಗೆ ಚಿಂತೆ ಇತ್ತು. ಥಾಮಸ್ ಕೂಡ ‘ಡಿಲನ್’ ಅಂತಲೇ ಕರೆಸಿಕೊಳ್ಳಲು ಇಷ್ಟಪಟ್ಟರು. ನಾವು ಕನ್ನಡದಲ್ಲಿ ಬರೆಯುವುದೂ ಅದನ್ನೇ.